ಮಗ್ಗದ ಗುಂಡಿಯ ಸುತ್ತ ರೈಲು

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಮ್ಮ ಪಡಸಾಲೆಯಲ್ಲಿ ರೈಲು ಓಡಿತು. ಒಂದು ಎಂಜಿನ್ನು, ಅದರ ಹಿಂದೆ ನಾಲ್ಕು ಡಬ್ಬಿ, ಕಂಬದ ಬುಡದಿಂದ ಹೊರಟು ನನ್ನ ಹಳೇ ಮಗ್ಗದ ಗುಂಡಿಯನ್ನು ಸುತ್ತಿ, ಮಗನ ಮಗ್ಗದ ಹಾಸಿನ ಅಂಚಿನ ಕೆಳಗೆ ನುಸುಳಿ, ಹೊರಟ ಕಂಬಕ್ಕೇ ವಾಪಸು ಬಂತು. ಬೀಳಲಿಲ್ಲ. ನನ್ನ ಕಣ್ಣು ಅಷ್ಟು ಹೊತ್ತಿಗೆ ಅರ್ಧ ಮಸುಕಾಗಿತ್ತು, ಆದರೂ ನೋಡಿದೆ. ಕಾಣದೆ ಹೋದದ್ದನ್ನು ಕಿವಿಯಲ್ಲಿ ಕೇಳಿದೆ. ನೋಡಿದವನು ಮನೆಯಲ್ಲಿ ಕೂರಲಾರದೆ ಬೀದಿಗೆ ಹೋಗಿ ಸಿಕ್ಕವರಿಗೆಲ್ಲ ಹೇಳಿದೆ. ಹಾಲು ಹಾಕುವವನಿಗೆ ಹೇಳಿದೆ, ಪಾತ್ರೆಗೆ ಕಲಾಯಿ ಹಾಕುವ ಸಾಬರಿಗೆ ಹೇಳಿದೆ, ಅವರು ಯಾರಿಗೋ ಗಂಡು ಹುಟ್ಟಿತೆಂದು ತಿಳಿದು ಮುಬಾರಕ್ ಅಂದರು. ಅದನ್ನೂ ಇಟ್ಟುಕೊಂಡೆ, ವಾಪಸು ಕೊಡಲಿಲ್ಲ. ನಾಲ್ಕನೇ ಇಯತ್ತೆ ದಾಟದ ನಾನು ಇವತ್ತು ಕಾಗದದ ಮುಂದೆ ಕೂತಿರುವುದು ಆ ಒಂದು ಸುತ್ತಿನ ಸಲುವಾಗಿ. ಆದರೆ ಆ ಸುತ್ತು ಪೂರ್ತಿಯಾಗುವ ಮೊದಲು ನಮ್ಮ ಮನೆಯೇ ಮುರಿದುಹೋಗುವುದಿತ್ತು. ಅದನ್ನೂ ಬರೆಯದಿದ್ದರೆ ಈ ಸಂತೋಷದ ತೂಕ ಯಾರಿಗೂ ಗೊತ್ತಾಗುವುದಿಲ್ಲ.

ಮೊಳಕಾಲ್ಮೂರಿನ ನಮ್ಮ ಮನೆ ನಾನು ಹುಟ್ಟಿದ ಮನೆ. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆ ತುಂಬ ಮಗ್ಗ, ಮಗ್ಗದ ಆಚೆ ಕತ್ತಲೆಯ ಅಡುಗೆಮನೆ, ಮೇಲೆ ಅಟ್ಟ, ಹಿಂದೆ ಹಿತ್ತಲು. ಇಷ್ಟೇ. ನೇಯುವವನು ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು, ಎದುರಿಗೆ ರೇಷ್ಮೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಗೋಡೆಯವರೆಗೂ ಎಳೆದುಕೊಂಡಿರುತ್ತದೆ. ನನ್ನ ತೊಟ್ಟಿಲು ಆ ಹಾಸಿನ ಪಕ್ಕದ ಜಂತಿಗೆ ಕಟ್ಟಿದ್ದರಂತೆ. ಲಾಳಿಯ ಸದ್ದು ನಿಂತರೆ ನಾನು ಎದ್ದು ಅಳುತ್ತಿದ್ದೆನಂತೆ. ಅಂಬೆಗಾಲು ಬಿಟ್ಟು ನಡೆಯಲು ಕಲಿತಾಗ ಅವ್ವ ಮೊದಲು ಹೇಳಿಕೊಟ್ಟದ್ದು ದಾರ ತುಳಿಯಬಾರದು ಅನ್ನುವುದನ್ನು. ಆಟಕ್ಕೆ ಹಿತ್ತಲು, ಓದಿಗೆ ಹೊಸಿಲು, ಊಟಕ್ಕೆ ಮಗ್ಗಕ್ಕೂ ಕಂಬಕ್ಕೂ ನಡುವೆ ಒಂದು ಸಾಲು, ಮಲಗಲು ಯಾರು ಎಲ್ಲಿ ಸುರುಳಿ ಸುತ್ತಿಕೊಂಡರೆ ಅಲ್ಲಿ. ಈ ಮನೆಯಲ್ಲಿ ಜಾಗ ಮೊದಲು ದಾರಕ್ಕೆ, ಉಳಿದರೆ ಮನುಷ್ಯರಿಗೆ. ಅದಕ್ಕೇ ಇರಬೇಕು, ನಮ್ಮ ಮನೆಯವರು ಯಾವುದಕ್ಕೂ ಕೈಚಾಚಿ ಕೂತವರಲ್ಲ. ಮೈ ಮುದುಡಿಕೊಂಡು ಕೂರುವುದೇ ನಮಗೆ ಸಲೀಸು. ಮನಸ್ಸಿನ ಮಾತನ್ನೂ ಹಾಗೇ ಮುದುಡಿ ಇಟ್ಟುಕೊಳ್ಳುತ್ತೇವೆ. ನನ್ನ ಮಗ ಮಂಜನಿಗೆ ಆ ಗುಣ ನನಗಿಂತ ಒಂದು ಹಿಡಿ ಹೆಚ್ಚು ಬಂದಿದೆ.

ಮೊದಲು ಈ ಮನೆ ಇದರ ಎರಡರಷ್ಟಿತ್ತು. ನನಗೂ ನನ್ನ ತಮ್ಮನಿಗೂ ಪಾಲಾದಾಗ ಬೀದಿಯ ಹಿರಿಯರು ಬಂದು ದಾರವನ್ನು ಸುಣ್ಣದ ನೀರಿನಲ್ಲಿ ಅದ್ದಿದರು. ಅದನ್ನು ಮುಂಬಾಗಿಲಿನಿಂದ ಹಿಂದಿನ ಗೋಡೆಗೆ ಬಿಗಿಯಾಗಿ ಎಳೆದು, ನಡುವೆ ಎತ್ತಿ ಬಿಟ್ಟರು. ಟಪ್ ಎಂದು ಸದ್ದಾಗಿ ಕರೀ ಕಡಪ ಕಲ್ಲಿನ ನೆಲದ ಮೇಲೆ ಬೆಳ್ಳನೆ ಗೆರೆ ಬಿತ್ತು. ಎರಡೂ ಕಡೆಗೆ ಬೇಕಾದ ಮಗು ದಾರದ ತುದಿ ಹಿಡಿಯಲಿ ಎಂದು ಮಂಜನ ಕೈಗೆ ಕೊಟ್ಟಿದ್ದರು. ಅವನು ಆಗ ಇಷ್ಟುದ್ದ. ಹಬ್ಬವೆಂದು ತಿಳಿದು ನಗುತ್ತಾ ಹಿಡಿದುಕೊಂಡಿದ್ದ. ಆ ಗೆರೆಯ ಮೇಲೆ ಗೋಡೆ ಎದ್ದಿತು. ಅವನ ಚಿಕ್ಕಪ್ಪನ ಮನೆಯ ಊಟದ ಸಾಲು ಗೋಡೆಯಾಚೆ ಹೋಯಿತು. ಅವತ್ತಿನಿಂದ ಆ ಹುಡುಗ ಸುಣ್ಣದ ಡಬ್ಬಿ ಕಂಡರೆ ದೂರ ಸರಿಯುತ್ತಿದ್ದ. ದೊಡ್ಡವನಾದ ಮೇಲೂ ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಯುವ ಕೆಲಸ ನಾನೇ ಮಾಡಬೇಕಿತ್ತು.

ನಮ್ಮ ಪಾಲಿಗೆ ಉಳಿದ ಪಡಸಾಲೆಯಲ್ಲಿ ಪಕ್ಕಪಕ್ಕ ಎರಡು ಮಗ್ಗ ಇದ್ದವು, ಒಂದು ನನ್ನದು, ಒಂದು ಮಂಜನದು. ನನ್ನ ಕಣ್ಣಿಗೆ ಎಳೆ ಕಾಣದಾದಾಗ ನನ್ನ ಮಗ್ಗ ಬಿಚ್ಚಿ ಮರವನ್ನೆಲ್ಲ ಅಟ್ಟಕ್ಕೆ ಹಾಕಿದೆವು. ಗುಂಡಿ ಮಾತ್ರ ಮುಚ್ಚಗೊಡಲಿಲ್ಲ. ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ನನಗೆ ನಾನು ಇದ್ದೇನೆ ಅನ್ನಿಸುತ್ತಿತ್ತು. ನನ್ನ ಹೆಂಡತಿ ನಾಗಮ್ಮ, ದೇವಸಮುದ್ರದ ಕಡೆಯವಳು, ಗುಂಡಿಯಲ್ಲಿ ಬೀಳುವುದು ಒಂದಲ್ಲ ಒಂದು ದಿನ ನೀನೇ ಎಂದು ದಿನವೂ ಎಚ್ಚರಿಸುತ್ತಿದ್ದಳು. ಸೊಸೆ ರತ್ನ ಏನೂ ಅನ್ನುತ್ತಿರಲಿಲ್ಲ, ಸುತ್ತಲೂ ಗುಡಿಸಿಕೊಂಡು ಹೋಗುತ್ತಿದ್ದಳು. ಮಂಜನಿಗೆ ಇನ್ನೂ ಮಕ್ಕಳಾಗಿರಲಿಲ್ಲ.

ಇನ್ನು ಚಳ್ಳಕೆರೆಯ ವಿಷಯ. ಮಂಜನ ಅಕ್ಕ, ನನ್ನ ಮಗಳು ಲಕ್ಷ್ಮಿಯನ್ನು ಕೊಟ್ಟದ್ದು ಅಲ್ಲಿಗೆ. ಅಳಿಯ ತಿಪ್ಪೇಸ್ವಾಮಿ ಸುಟ್ಟುಹೋದ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿದ್ದ. ಎಣ್ಣೆ ಮಿಲ್ಲಿನವರೆಲ್ಲ ಅವನಿದ್ದಲ್ಲಿಗೇ ಬರುತ್ತಿದ್ದರು. ಅವರ ಮನೆ ರೈಲ್ವೆ ಗೇಟಿನ ಹತ್ತಿರ. ಮೊಮ್ಮಗಳು ಕಾವ್ಯ ಬೆಳಿಗ್ಗೆ ರೈಲು ಹೋದ ಮೇಲೇ ಹಾಲು ಕುಡಿಯುವುದು, ಸಂಜೆ ರೈಲು ಬಂದ ಮೇಲೇ ಒಳಗೆ ಬರುವುದು. ಅಂಥಾದ್ದರಲ್ಲಿ ಹಳೇ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತೇವೆಂದು ರೈಲೇ ನಿಲ್ಲಿಸಿಬಿಟ್ಟರು. ಹುಡುಗಿ ಖಾಲಿ ಗೇಟಿನ ಹತ್ತಿರ ಹೋಗಿ ನಿಲ್ಲುವುದು, ಬರುವುದು. ಅದನ್ನು ನೋಡಲಾರದೆ ಅಳಿಯ ಎಣ್ಣೆ ಡಬ್ಬದ ತಗಡು ಕತ್ತರಿಸಿ ಎಂಜಿನ್ನು ಮಾಡಿದ, ಕೆಟ್ಟ ಟೇಪ್ ರೆಕಾರ್ಡರಿನ ಮೋಟರು ಅದರ ಹೊಟ್ಟೆಗಿಟ್ಟ. ತಗಡಿನ ಪಟ್ಟಿಯ ಹಳಿ, ಬಿದಿರು ಸೀಳಿದ ಅಡಿಪಟ್ಟಿ, ಹಳೇ ಪೇಪರು ನೆನೆಸಿ ಮಾಡಿದ ಗುಡ್ಡ. ಅಪ್ಪ ಮಗಳು ಸೇರಿ ಮಾಡುತ್ತಾ ಮಾಡುತ್ತಾ ಅದು ದೊಡ್ಡದಾಯಿತು. ಆ ಗುಡ್ಡ ನಮ್ಮೂರ ಕಡೆಯ ಜಟಿಂಗ ರಾಮೇಶ್ವರದ ಬೆಟ್ಟ ಅಂದಳು ಕಾವ್ಯ. ಅಲ್ಲಿಗೆ ರೈಲೇ ಇಲ್ಲವಲ್ಲೇ ಅಂದರೆ, ಅದಕ್ಕೇ ನಾವು ಹಾಕ್ತಾ ಇರೋದು ಅಂದಳು.

ಅವರದು ಬಾಡಿಗೆ ಮನೆ, ಒಂದೂವರೆ ಕೋಣೆ. ತಿರುವು ಸಣ್ಣದಾದರೆ ರೈಲು ಉರುಳಿ ಬೀಳುತ್ತದೆ, ಹಾಗಾಗಿ ಅಗಲ ಬೇಕು. ಮಂಚದ ಕೆಳಗೆ ಹಾಕಿ ನೋಡಿದರು, ಆಗಲಿಲ್ಲ. ಮಹಡಿಯ ಮೇಲಿನ ತಗಡಿನ ಚಪ್ಪರದಲ್ಲಿ ಹಾಕಿದರು, ಓಡಿಸುವ ಮೊದಲೇ ಮನೆ ಮಾಲೀಕರು ಮೆಣಸಿನಕಾಯಿ ಒಣಗಿಸಬೇಕೆಂದು ತೆಗೆಸಿದರು. ಪೂರ್ತಿ ಸುತ್ತು ಆ ರೈಲು ಒಂದು ಸಲವೂ ಓಡಿರಲಿಲ್ಲ. ಗೋಣಿಚೀಲದಲ್ಲಿ ಕಟ್ಟಿಟ್ಟರು, ಇಲಿ ಗುಡ್ಡವನ್ನು ಕಡಿಯಿತು. ಮಾಲೀಕರು ಆ ಚೀಲಕ್ಕೂ ಜಾಗ ಖಾಲಿ ಮಾಡಿ ಅಂದಿದ್ದರು. ಹಾಗಿರುವಾಗ ಒಂದು ಭಾನುವಾರ ಎಲ್ಲರೂ ನಮ್ಮಲ್ಲಿಗೆ ಬಂದರು. ಕಾವ್ಯ ನನ್ನ ಗುಂಡಿಗೆ ಧುಮುಕಿದಳು. ನಿಂತರೆ ಅವಳ ಗದ್ದ ನೆಲದ ಮಟ್ಟಕ್ಕೆ ಬರುತ್ತಿತ್ತು. ಕೈಯಲ್ಲಿದ್ದ ಎಂಜಿನ್ನನ್ನು ನೆಲದ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡಿದಳು.

"ತಾತ, ಇಲ್ಲಿಂದ ನೋಡಿದ್ರೆ ಗೇಟಿನ ಹತ್ರ ನಿಂತಂಗೇ ಐತೆ. ನಮ್ ಮ್ಯಾಲೇ ಬರ್ತೈತೆ ರೈಲು."

ನಾನೂ ಇಳಿದು, ಬಗ್ಗಿ, ಗದ್ದವನ್ನು ನೆಲಕ್ಕೆ ಹಚ್ಚಿ ನೋಡಿದೆ. ನಿಜ. ಅಷ್ಟು ವರ್ಷ ಆ ಗುಂಡಿಯಲ್ಲಿ ಕೂತವನು ನಾನು, ಹಾಸನ್ನು ಬಿಟ್ಟು ಬೇರೇನನ್ನೂ ಅಲ್ಲಿಂದ ನೋಡಿರಲಿಲ್ಲ. ಗುಂಡಿಯ ಸುತ್ತ ಹಳಿ ಹಾಕಿದರೆ ಒಳಗೆ ನಿಂತವರ ಕೈ ಎಲ್ಲಾ ಕಡೆಗೂ ಎಟುಕುತ್ತದೆ, ಬಿದ್ದ ಡಬ್ಬಿ ಎತ್ತಿಡಬಹುದು. ಹಾಕ್ರಿ ಇಲ್ಲೇ ಅಂದುಬಿಟ್ಟೆ. ಅಳಿಯ ಹಿಂಜರಿದ. ಹೆಣ್ಣು ಕೊಟ್ಟ ಮನೆಯಲ್ಲಿ ಅಳಿಯನಾದವನು ನೀರು ಕೇಳಿ ಕುಡಿಯಬಹುದು, ಜಾಗ ಕೇಳಬಾರದು. ಮಂಜನನ್ನು ಕೇಳಿದೆ. ಅವನು ಹೊಕ್ಕಿನ ರೇಷ್ಮೆ ತರಲು ಹೊರಟಿದ್ದವನು, ಹ್ಞೂಂ ಅಂದು ಹೋದ. ಅಷ್ಟೇ ಸಾಕಾಯಿತು ನನಗೆ.

ಅಳಿಯ ನೆಲ ಗುಡಿಸಿ, ಹಳಿ ನೇರವಾಗಿ ಬರಬೇಕೆಂದು ನಾಗಮ್ಮನ ಹತ್ತಿರ ದಾರ ಕೇಳಿದ, ಎಲೆಅಡಿಕೆಯ ಸುಣ್ಣ ಕೇಳಿದ. ದಾರವನ್ನು ಸುಣ್ಣದ ನೀರಿನಲ್ಲಿ ಅದ್ದಿ, ಒಂದು ತುದಿಯನ್ನು ಹಿಂದಿನ ಗೋಡೆಯ ಮೊಳೆಗೆ ಬಿಗಿದು, ಇನ್ನೊಂದು ತುದಿಯನ್ನು ಮುಂಬಾಗಿಲ ಹತ್ತಿರ ಕಾವ್ಯಳ ಕೈಗೆ ಕೊಟ್ಟ. ರೈಲಿಗೆ ಬೇಕಾದದ್ದು ನಡುವಿನ ಭಾಗ ಮಾತ್ರ. ಆದರೆ ಬಿಗಿಯಾಗಿ ನಿಲ್ಲಬೇಕಲ್ಲ, ದಾರವನ್ನು ಆ ಗೋಡೆಯಿಂದ ಈ ಬಾಗಿಲವರೆಗೆ ಎಳೆದ. ನಡುವೆ ಎತ್ತಿ ಬಿಟ್ಟ. ಟಪ್ ಅಂತು. ಅದೇ ಸದ್ದಿಗೆ ಸರಿಯಾಗಿ ಮಂಜ ಹೊಸಿಲ ಮೇಲೆ ಕಾಲಿಟ್ಟ.

ನಾನು ಅವನ ಮುಖ ನೋಡಿದೆ. ನೆಲವನ್ನು ನೋಡಿದ, ದಾರ ನೋಡಿದ, ದಾರ ಹಿಡಿದು ನಗುತ್ತಿದ್ದ ಕಾವ್ಯಳನ್ನು ನೋಡಿದ. ಗೆರೆ ದಾಟಲಿಲ್ಲ. ಹೊಸಿಲಿನಿಂದ ಹಿಂದಕ್ಕೆ ಇಳಿದು, ಓಣಿಯಲ್ಲಿ ಸುತ್ತಿ, ಹಿತ್ತಲ ಬಾಗಿಲಿನಿಂದ ಒಳಗೆ ಬಂದು ತನ್ನ ಮಗ್ಗಕ್ಕೆ ಕೂತ. ಅಷ್ಟು ಹೊತ್ತಿಗೆ ಚಳ್ಳಕೆರೆಯ ಕೊನೇ ಬಸ್ಸಿನ ಹೊತ್ತಾಯಿತು. ತಿರುವಿನ ಗೆರೆ ಮುಂದಿನ ಭಾನುವಾರ ಹಾಕುತ್ತೇನೆ ಎಂದು ಅಳಿಯ ಹೆಂಡತಿ ಮಗಳನ್ನು ಕರೆದುಕೊಂಡು ಹೊರಟ. ಎಂಜಿನ್ನನ್ನು ಕಾವ್ಯ ಲಂಗದಲ್ಲಿ ಸುತ್ತಿಕೊಂಡು ಹೋದಳು. ನಮ್ಮ ಮನೆಯಲ್ಲಿ ಉಳಿದದ್ದು ಗೋಡೆಯಿಂದ ಬಾಗಿಲಿಗೆ ಒಂದು ನೇರ ಬಿಳೀ ಗೆರೆ.

ಆ ರಾತ್ರಿ ಮಂಜ ಊಟದ ಸಾಲಿಗೆ ಬರಲಿಲ್ಲ. ತಟ್ಟೆಯನ್ನು ಮಗ್ಗದ ಹತ್ತಿರಕ್ಕೇ ತರಿಸಿಕೊಂಡ. ಮರುದಿನವೂ ಹಾಗೇ. ಹಸಿವಾದಾಗ ಉಣ್ಣಲಿ ಬಿಡು ಅಂದುಕೊಂಡೆ. ಮೂರನೇ ದಿನ ಬೆಳಿಗ್ಗೆ ಗುಂಡಿಯ ಅಂಚಿನಲ್ಲಿ ಕೂತಿದ್ದೆ, ರತ್ನ ಗುಡಿಸುತ್ತಾ ಬಂದಳು. ಗೆರೆಯವರೆಗೂ ಬಂದಳು, ಕಸವನ್ನು ಅಲ್ಲೇ ಒಟ್ಟುಮಾಡಿ ಎತ್ತಿಕೊಂಡು ವಾಪಸು ಹೋದಳು. ಈಚೆ ಕಡೆ ಪೊರಕೆ ಹಾಕಲಿಲ್ಲ. ಆಮೇಲೆ ನಾಗಮ್ಮ ಬಂದು ಈಚೆ ಕಡೆಯನ್ನು ಗುಡಿಸಿದಳು, ಅವಳೂ ಗೆರೆಯ ಹತ್ತಿರ ನಿಂತಳು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ತಮ್ಮನಿಗೂ ನನಗೂ ಪಾಲಾದ ಮಾರನೇ ದಿನವೂ ಹೆಂಗಸರ ಪೊರಕೆ ಹೀಗೇ ನಿಂತಿತ್ತು. ಗೋಡೆ ಎದ್ದದ್ದು ಎಷ್ಟೋ ದಿನದ ಮೇಲೆ, ಮನೆ ಎರಡಾದದ್ದು ಆ ಪೊರಕೆಯಲ್ಲಿ.

ಮಂಜನ ಹತ್ತಿರ ಹೋಗಿ ಕೂತೆ. ಅವನು ಲಾಳಿ ನಿಲ್ಲಿಸಲಿಲ್ಲ. ಅದು ರೈಲಿನ ಸಲುವಾಗಿ ಹಾಕಿದ ಗೆರೆ ಕಣಲೇ ಅಂದೆ.

"ರೈಲು ಎಲ್ಲೈತಪ್ಪ? ಗೆರೆ ಐತೆ, ರೈಲು ಕಾಣ್ತಿಲ್ಲ."

"ಬರೋ ಭಾನುವಾರ ತರ್ತಾರೆ."

"ತರ್ಲಿ. ಈಗ ಹೆಣ್ಮಕ್ಕಳಿಗೂ ಪಾಲು ಅಂತ ಕಾನೂನು ಬಂದೈತಂತೆ, ಬಸ್ ಸ್ಟ್ಯಾಂಡ್ನಾಗೆಲ್ಲ ಅದೇ ಮಾತು. ಅಕ್ಕ ಕೇಳಿದ್ರೆ ನಾನ್ ಬ್ಯಾಡ ಅಂತಿರಲಿಲ್ಲ. ಮಗೂ ಕೈಯಾಗೆ ದಾರ ಕೊಟ್ಟು ಗೆರೆ ಹೊಡೆಸ್ತಾರಲ್ಲ, ಅದ್ ನಂಗೆ ತಡ್ಕಣಕ್ಕಾಗಲ್ಲ. ಆ ತುದಿ ಹಿಡಿದಿದ್ದೋನು ನಾನು. ಗೆರೆ ಅಂದ್ರೇನು ಅಂತ ನಂಗೊತ್ತೈತೆ."

ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಡಿ ಮುಗಿಸಿ ಲಾಳಿಯನ್ನು ಜೋರಾಗಿ ಎಸೆದ. ನಾನು ಎದ್ದು ಬಂದೆ. ಅಡುಗೆಮನೆಯಲ್ಲಿ ನಾಗಮ್ಮ ಸಿಟ್ಟು ಬಂದಾಗ ಆಡುವ ತೆಲುಗಿನಲ್ಲಿ ಒಲೆಯೊಂದಿಗೆ ಮಾತಾಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು, ವಾಡಿ ಬುದ್ಧಿ ಅಂತೇ, ಅವನ ಬುದ್ಧಿ ಅಷ್ಟೇ, ನಿನ್ನದೇನು ಕಮ್ಮಿಯಾ ಎಂದು ನನಗೂ ಒಂದು ಪಾಲು ಕೊಟ್ಟಳು. ಒಂದು ಒದ್ದೆ ಬಟ್ಟೆ ತಂದು ಕೈಗಿಟ್ಟು, ಒರೆಸಿಬಿಡು ಆ ಹಾಳು ಗೆರೇನ ಅಂದಳು.

ಬಟ್ಟೆ ಹಿಡಿದುಕೊಂಡು ಗೆರೆಯ ಮುಂದೆ ತುಂಬ ಹೊತ್ತು ಕೂತಿದ್ದೆ. ಒಂದು ಸಲ ಕೈ ಆಡಿಸಿದರೆ ಹೋಗುತ್ತಿತ್ತು. ಆದರೆ ಒರೆಸಿದರೆ ಅದು ಪಾಲಿನ ಗೆರೆಯೇ ಆಗಿತ್ತು, ಸಿಕ್ಕಿಬಿದ್ದ ಮೇಲೆ ಅಪ್ಪ ಒರೆಸಿಹಾಕಿದ ಅಂತ ಮಂಜನ ಮನಸ್ಸಿನಲ್ಲಿ ಕೂತುಬಿಡುತ್ತದೆ. ನೆಲದಿಂದ ಹೋದ ಗೆರೆ ಅಲ್ಲಿಂದ ಹೋಗುವುದಿಲ್ಲ. ಬಿಟ್ಟರೆ ಇನ್ನೂ ನಾಲ್ಕು ದಿನ ಎರಡು ಪೊರಕೆ, ಎರಡು ಸಾಲು. ಎರಡೂ ಕಡೆ ಹೆದರಿಕೆಯೇ. ಒದ್ದೆ ಬಟ್ಟೆಯನ್ನು ಹಿಂಡಿ ಹಿತ್ತಲಿನ ಹಗ್ಗಕ್ಕೆ ಹಾಕಿ ಬಂದೆ. ನಾಗಮ್ಮ ಆ ದಿನ ನನ್ನನ್ನೂ ಮಾತಾಡಿಸಲಿಲ್ಲ.

ಸುದ್ದಿ ಚಳ್ಳಕೆರೆಗೆ ಹೇಗೆ ಮುಟ್ಟಿತೋ, ರತ್ನಳ ತವರು ಕೊಂಡ್ಲಹಳ್ಳಿ, ಆ ದಾರಿಯಲ್ಲೇ ಯಾರ ಬಾಯಿಂದಲೋ ಹೋಗಿರಬೇಕು. ಗುರುವಾರ ಮಧ್ಯಾಹ್ನ ಲಕ್ಷ್ಮಿ ಒಬ್ಬಳೇ ಬಸ್ಸಿಳಿದು ಬಂದಳು. ಕೈಯಲ್ಲಿ ಚೀಲವಿಲ್ಲ. ಮಂಜ ಮಗ್ಗದಲ್ಲಿದ್ದಾನೆ, ಅವನ ಬೆನ್ನು ಇವಳ ಕಡೆಗಿದೆ. ಅಕ್ಕ ಬಂದಳೆಂದು ಗೊತ್ತಾಗಿ ಲಾಳಿ ಒಂದು ಗಳಿಗೆ ತಡೆಯಿತು, ಮತ್ತೆ ಹೊರಟಿತು. ಅವಳು ಒಳಗೂ ಬರದೆ ಹೊಸಿಲ ಮೇಲೆ ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಅಪ್ಪ, ಅದನ್ನ ಒರೆಸಿಬಿಡು. ನಂಗೆ ರೈಲು ಬ್ಯಾಡ, ತವರು ಬೇಕು."

ಅವಳು ಅದನ್ನು ತಮ್ಮನಿಗೆ ಕೇಳಿಸಲೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಮಗ್ಗದ ಕಡೆ ಲಾಳಿ ಓಡುತ್ತಲೇ ಇತ್ತು. ನಾನು ಅವಳಿಗೆ ಹೇಳಿದೆ, ಒರೆಸಿದರೆ ಇವತ್ತು ತವರು ಉಳಿದ ಹಾಗೆ ಕಾಣುತ್ತದೆ, ಆದರೆ ಮುಂದೆ ನೀನು ಈ ಹೊಸಿಲು ತುಳಿದಾಗಲೆಲ್ಲ ಇವನು ನಿನ್ನ ಕೈ ನೋಡುತ್ತಾನೆ, ದಾರ ಇದೆಯಾ ಅಂತ. ಭಾನುವಾರ ಎಲ್ಲರೂ ಬನ್ನಿ, ರೈಲು ತನ್ನಿ, ಉಳಿದ ಗೆರೆ ಎಳೆಯಲಿ. ಆಮೇಲೂ ಇವನಿಗೆ ಒಪ್ಪಿಗೆಯಾಗದಿದ್ದರೆ ನಾನೇ ಆ ಗುಂಡಿಯನ್ನು ಮಣ್ಣು ಹಾಕಿ ಮುಚ್ಚುತ್ತೇನೆ. ಮಾತು ಕೊಟ್ಟರೆ ನಾನು ಮುಚ್ಚುವವನೇ. ಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಬಸ್ಸಿಗೇ ಹೋದಳು.

ಭಾನುವಾರ ಅವರು ಬರುತ್ತಾರೋ ಇಲ್ಲವೋ ಅನ್ನುವುದೇ ಗೊತ್ತಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಎಣ್ಣೆ ಡಬ್ಬ ಇಳಿಸಲು ಬರುವ ಲಗೇಜ್ ಆಟೋ ನಮ್ಮ ಬೀದಿಯಲ್ಲಿ ನಿಂತಿತು. ಗೋಣಿಚೀಲ, ಹಲಗೆಗಳು, ಅರ್ಧ ಇಲಿ ತಿಂದ ಗುಡ್ಡ, ಬ್ಯಾಟರಿ, ಎಲ್ಲದರ ಮೇಲೆ ಕಾವ್ಯ. ಅಳಿಯ ತಲೆ ತಗ್ಗಿಸಿಕೊಂಡೇ ಒಳಗೆ ಬಂದ. ಬಂದವನು ಮೊದಲು ಮಾಡಿದ ಕೆಲಸ, ಒದ್ದೆ ಬಟ್ಟೆ ತೆಗೆದುಕೊಂಡು ಗೆರೆಯ ಎರಡು ತುದಿಗಳನ್ನು ಒರೆಸಿದ್ದು. ಗೋಡೆಯ ಹತ್ತಿರ ಅಷ್ಟು, ಬಾಗಿಲ ಹತ್ತಿರ ಅಷ್ಟು. ಇಷ್ಟೇ ಮಾವ ನಮಗೆ ಬೇಕಾದದ್ದು, ನಡುವಿನದು, ಎಂದು ಮೆಲ್ಲಗೆ ನನಗೆ ಹೇಳಿದ. ಮಂಜ ತಿರುಗಿ ನೋಡಲಿಲ್ಲ. ಮಗ್ಗ ಕಟಕ್ ಕಟಕ್ ಅನ್ನುತ್ತಲೇ ಇತ್ತು. ಆ ಸದ್ದಿನ ನಡುವೆ ನಾವೆಲ್ಲ ಕಳ್ಳರ ಹಾಗೆ ಓಡಾಡಿದೆವು.

ಗುಂಡಿಯ ಆಚೆ ಇನ್ನೊಂದು ನೇರ ಗೆರೆ ಬಿತ್ತು. ಆಮೇಲೆ ತಿರುವು. ಕಾವ್ಯ ಗುಂಡಿಯಲ್ಲಿ ನಿಂತು ದಾರದ ಒಂದು ತುದಿಯನ್ನು ಅಂಚಿಗೆ ಒತ್ತಿ ಹಿಡಿದಳು, ಅಳಿಯ ಇನ್ನೊಂದು ತುದಿಗೆ ಸುಣ್ಣದ ಬಟ್ಟೆ ಕಟ್ಟಿಕೊಂಡು ಸುತ್ತ ತೆವಳುತ್ತಾ ಬಂದ. ಬಾಗಿಲ ಕಡೆಯ ತಿರುವು ಸಲೀಸಾಗಿ ಮುಗಿಯಿತು. ಗೋಡೆಯ ಕಡೆಯದು ಸುತ್ತುತ್ತಾ ಸುತ್ತುತ್ತಾ ಮಂಜನ ಹಾಸಿನ ಅಂಚಿಗೆ ಬಂದು ನಿಂತಿತು. ಮುಂದೆ ಹೋಗಬೇಕಾದರೆ ರೇಷ್ಮೆಯ ಕೆಳಗೆ ನುಸುಳಬೇಕು. ತಿರುವನ್ನು ಕಿರಿದು ಮಾಡಿದರೆ ರೈಲು ಬೀಳುತ್ತದೆ. ಅಳಿಯ ಕೇಳಲಾರದೆ, ಹಿಂದಕ್ಕೆ ಬರಲಾರದೆ, ಸುಣ್ಣ ತೊಟ್ಟಿಕ್ಕುವ ಕೈಯನ್ನು ಹಾಸಿನ ಕೆಳಗೆ ಚಾಚಿದ.

ಮಗ್ಗ ನಿಂತಿತು.

ಸುಣ್ಣದ ಒಂದು ಹನಿ ತಾಗಿದರೆ ಬಣ್ಣದ ರೇಷ್ಮೆ ಕೆಟ್ಟಿತು, ಸೀರೆಯೇ ಹೋಯಿತು. ಯಾವ ನೇಕಾರನೂ ಅದನ್ನು ನೋಡಿಕೊಂಡು ಸುಮ್ಮನಿರಲಾರ, ಅಳಿಯನಿಗೆ ಅದು ಗೊತ್ತಿಲ್ಲ. ಮಂಜ ತನ್ನ ಮಗ್ಗದ ಗುಂಡಿಯಿಂದ ಮೇಲಕ್ಕೆ ಎದ್ದು ಬಂದ. ಲಕ್ಷ್ಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು, ರತ್ನ ಅವಳ ಹಿಂದೆ.

"ಭಾವ, ಕೈ ತೆಗೀರಿ."

ಅಳಿಯ ಕೈ ತೆಗೆದ. ಮಂಜ ಅವನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಅವನ ಕಣ್ಣು ಗೆರೆಯ ಹಿಂದೆ ನಿಧಾನವಾಗಿ ಹೋಗುವುದನ್ನು ನಾನು ನೋಡಿದೆ. ಕಂಬದ ಹತ್ತಿರ ಹೋಯಿತು, ಬಾಗಿಲ ಹತ್ತಿರ ಒರೆಸಿದ ಜಾಗಕ್ಕೆ ಹೋಗಿ ನಿಂತಿತು, ಅಲ್ಲಿಂದ ತಿರುವಿನ ಜೊತೆ ಬಾಗಿ ಗುಂಡಿ ಸುತ್ತಿಕೊಂಡು ವಾಪಸು ತನ್ನ ಕಾಲ ಬುಡಕ್ಕೇ ಬಂತು.

"ಇದು ಗೋಡೆಗೆ ಹೋಗಲ್ವಾ?"

"ಗೋಡೆಗೆ ಹೋದ್ರೆ ರೈಲು ಗೋಡೆಗೆ ಗುದ್ದುತೈತೆ ಮಂಜು ಮಾವ," ಅಂದಳು ಕಾವ್ಯ ಗುಂಡಿಯೊಳಗಿಂದ. "ಸುತ್ತು ಬರ್ಬೇಕು. ಇಲ್ಲಿಂದ ಹೋಗಿ ಇಲ್ಲಿಗೇ."

ಮಂಜ ಕುಕ್ಕರಗಾಲಲ್ಲಿ ಕೂತ. ನೇಕಾರರ ಮನೆಯಲ್ಲಿ ಎಳೆದ ದಾರವೆಂದರೆ ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಗುವುದೇ, ಹಾಸಾದರೂ ಸರಿ ಪಾಲಾದರೂ ಸರಿ. ಬಾಗಿ ತಿರುಗಿ ತನ್ನನ್ನೇ ಬಂದು ಸೇರುವ ಗೆರೆಯನ್ನು ಆ ನೆಲದ ಮೇಲೆ ಅವನು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅಂಥ ಗೆರೆಯಿಂದ ಯಾರೂ ಮನೆಯನ್ನು ಪಾಲು ಮಾಡಲಾರರು. ಒಳಗಿರುವುದು ಒಂದು ಗುಂಡಿ, ಹೊರಗಿರುವವರು ಎಲ್ಲರೂ. ಮಂಜ ಅಳಿಯನ ಕಡೆಗೆ ಕೈ ಚಾಚಿದ.

"ಕೊಡ್ರಿಲ್ಲಿ. ರೇಷ್ಮೆ ಕೆಳಗೆ ಹೋಗೋದು ನಿಮ್ಗೆ ಬರಲ್ಲ."

ಸುಣ್ಣದ ಬಟ್ಟೆಯನ್ನು ಹಿಂಡಿ ಹನಿ ಬೀಳದ ಹಾಗೆ ಮಾಡಿಕೊಂಡ. ಅಂಗಿ ತೆಗೆದಿಟ್ಟು, ನೆಲಕ್ಕೆ ಅಂಗಾತ ಮಲಗಿ, ಒಂದೆಳೆಯೂ ಅಲುಗದಂತೆ ಹಾಸಿನ ಕೆಳಗೆ ಸರಿದ. ಸುಣ್ಣ ಕಂಡರೆ ದೂರ ಹೋಗುತ್ತಿದ್ದವನು. ದಾರದ ಒಂದು ತುದಿ ಕಾವ್ಯಳ ಕೈಯಲ್ಲಿ, ಇನ್ನೊಂದು ತುದಿ ಮಂಜನ ಕೈಯಲ್ಲಿ.

"ಮಂಜು ಮಾವ, ಬಿಗಿಯಾಗಿ ಹಿಡ್ಕೋ. ಸಡ್ಲ ಬಿಟ್ರೆ ರೈಲು ಬೀಳ್ತೈತೆ."

"ನಂಗೇ ದಾರ ಹಿಡಿಯೋದು ಹೇಳ್ಕೊಡ್ತೀಯೇನೇ ಮೋಟಿ."

ಹಾಸಿನ ಕೆಳಗಿಂದ ಬಂದ ಆ ಮಾತಿಗೆ ಮೊದಲು ನಕ್ಕವಳು ರತ್ನ. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಆಮೇಲೆ ನಾಗಮ್ಮ. ಅಳಿಯ ಮಾತ್ರ ನಗಲು ಹೆದರಿ ಹಳಿಯ ತಗಡನ್ನು ಒರೆಸುತ್ತಾ ಕೂತಿದ್ದ.

ಹಲಗೆ ಹಾಕಿದೆವು, ಹಳಿ ಹಾಕಿದೆವು. ಎಂಜಿನ್ನಿನ ಎಣ್ಣೆ ರೇಷ್ಮೆಗೆ ಸಿಡಿಯಬಾರದು ಎಂದು ಮಂಜ ತನ್ನ ಹಳೇ ಪಂಚೆಯನ್ನು ಹಾಸಿನ ಕೆಳಗೆ ಸೂರಿನ ಹಾಗೆ ಕಟ್ಟಿದ. ಮಗ್ಗ ನಡೆಯುವಾಗ ರೈಲಿಲ್ಲ, ರೈಲು ನಡೆಯುವಾಗ ಮಗ್ಗವಿಲ್ಲ ಎಂದು ಕಾವ್ಯಳಿಂದ ಕೈಮೇಲೆ ಕೈ ಹಾಕಿಸಿಕೊಂಡ. ಮೊದಲ ಸಲ ಬಿಟ್ಟಾಗ ರೈಲು ಆ ಪಂಚೆಯ ಕೆಳಗೆ ಹೋಗಿ ಮಗುಚಿತು. ಮಂಜನೇ ಕೈ ಹಾಕಿ ಎತ್ತಿ, ಹಲಗೆಯ ಕೆಳಗೆ ಹಳೇ ರಟ್ಟಿನ ಚೂರು ಮಡಿಸಿಟ್ಟು ಮಟ್ಟ ಮಾಡಿದ. ಎರಡನೇ ಸಲ ಬಿಟ್ಟದ್ದು ಮೊದಲೇ ಹೇಳಿದೆನಲ್ಲ, ಕಂಬದಿಂದ ಹೊರಟು ಕಂಬಕ್ಕೆ ಬಂತು. ಗುಂಡಿಯಲ್ಲಿ ನಿಂತ ಮೊಮ್ಮಗಳು ರೈಲಿನ ಜೊತೆ ಸುತ್ತಲೂ ತಿರುಗುತ್ತಾ ನೋಡಿದಳು. ಕೂಗಲಿಲ್ಲ, ಕುಣಿಯಲಿಲ್ಲ, ಗೇಟಿನ ಹತ್ತಿರ ನಿಂತವರ ಹಾಗೆ ರೈಲು ಪೂರ್ತಿ ಹೋಗುವವರೆಗೂ ಸುಮ್ಮನೆ ನಿಂತಿದ್ದಳು. ನಾನು ಬೀದಿಗೆ ಓಡಿದ್ದು ಆವಾಗಲೇ.

ಬೀದಿಯೆಲ್ಲ ಹೇಳಿಕೊಂಡು ನಾನು ವಾಪಸು ಬಂದಾಗ ಅಕ್ಕ ತಮ್ಮ ಹಿತ್ತಲಿನಲ್ಲಿ ನಿಂತಿದ್ದರು. ಲಕ್ಷ್ಮಿ ಈರುಳ್ಳಿ ಸುಲಿಯುತ್ತಿದ್ದಳು. ಮಂಜ ಏನು ಕೇಳಿದನೋ ನನಗೆ ಕೇಳಿಸಲಿಲ್ಲ, ಅವಳ ಉತ್ತರ ಕೇಳಿಸಿತು.

"ಬೇಕಾದ್ರೆ ಬಾಯಿಬಿಟ್ಟು ಕೇಳ್ತೀನಿ ಕಣೋ, ನಿನ್ ಎದುರಿಗೇ. ನೀನೂ ಹಂಗೇ, ಏನಾದ್ರೂ ಇದ್ರೆ ಬಾಯಿಬಿಡು. ಬೆನ್ನು ತೋರ್ಸಿ ಕೂರ್ಬ್ಯಾಡ."

ಅವನು ಹ್ಞೂಂ ಅಂದ. ಅವನ ಹ್ಞೂಂ ಹಿಂದಿನ ವಾರ ಕೇಳಿದ್ದೇ. ಆದರೆ ಈ ಸಲ ಅವನು ಅಲ್ಲಿಂದ ಹೋಗಲಿಲ್ಲ, ಒಂದು ಈರುಳ್ಳಿ ತೆಗೆದುಕೊಂಡು ಸುಲಿಯತೊಡಗಿದ.

ಸಂಜೆ ನಾಗಮ್ಮ ಕೋಳಿ ಸಾರು ಮಾಡಿ ಮುದ್ದೆ ತಿರುವಿ ತಂದಿಟ್ಟಳು. ಎಲ್ಲಿ ಇಡುವುದು ಅನ್ನುವುದೇ ಗೊತ್ತಾಗಲಿಲ್ಲ. ಮಗ್ಗಕ್ಕೂ ಕಂಬಕ್ಕೂ ನಡುವೆ ಇದ್ದ ಊಟದ ಸಾಲಿನ ಜಾಗದಲ್ಲಿ ಈಗ ರೈಲು ಮಲಗಿತ್ತು. ಅಳಿಯ ಬಂದಾಗ ಅವನಿಗೆ ಬೇರೆಯಾಗಿ ಮಣೆ ಹಾಕಿ, ಮೊದಲು ಬಡಿಸಿ, ಅವನು ಎದ್ದ ಮೇಲೆ ನಾವು ಕೂರುವುದು ನಮ್ಮ ಮನೆಯ ಪದ್ಧತಿ. ಮಣೆ ಹಾಕಲು ಒಂದು ಗೇಣು ನೆಲವಿಲ್ಲ. ರತ್ನ ಮಣೆ ಹಿಡಿದುಕೊಂಡು ಅತ್ತ ಇತ್ತ ನೋಡಿ ಕೊನೆಗೆ ಅದನ್ನು ಅಟ್ಟಕ್ಕೇ ಎಸೆದಳು. ಹೆಂಗಸರು ಆಮೇಲೆ ಉಣ್ಣುತ್ತೇವೆ ಅಂದರೆ ಕಾವ್ಯ ಬಿಡಲಿಲ್ಲ, ರೈಲಿನಲ್ಲಿ ಹಾಗೆಲ್ಲ ಇಲ್ಲವಂತೆ, ಎಲ್ಲರೂ ಒಟ್ಟಿಗೇ ಹೋಗುವುದಂತೆ. ಗೋಡೆಗೆ ಬೆನ್ನು ಒತ್ತಿ, ಮೊಣಕಾಲು ಮಡಿಸಿ, ಹಳಿಗೆ ತಟ್ಟೆ ತಾಗದ ಹಾಗೆ ಒಬ್ಬರ ಪಕ್ಕ ಒಬ್ಬರು ಕೂತೆವು. ನಾನು, ನಾಗಮ್ಮ, ಲಕ್ಷ್ಮಿ, ಮಡಿಲಲ್ಲಿ ಅರ್ಧ ಕಾವ್ಯ, ರತ್ನ, ಕೊನೆಗೆ ಮಂಜ. ಅಳಿಯ ಮಾತ್ರ ಮುದ್ದೆಯ ತಟ್ಟೆ ಹಿಡಿದು ನಿಂತೇ ಇದ್ದ, ನಾನು ಹೊಸಿಲ ಹತ್ತಿರ ಉಣ್ತೀನಿ ಬಿಡ್ರಿ ಎಂದು ಹಿಂದಕ್ಕೆ ಹೆಜ್ಜೆ ಹಾಕಿದ.

ಮಂಜ ಮುದ್ದೆ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ. ತನ್ನ ತಟ್ಟೆಯನ್ನು ಎಡಗೈಯಲ್ಲಿ ಪಕ್ಕಕ್ಕೆ ಎಳೆದುಕೊಂಡು ಗೋಡೆಯ ಮೂಲೆಗೆ ಒತ್ತಿಕೊಂಡ.

"ಬರ್ರಿ ಭಾವ, ಇಲ್ಲಿ ಜಾಗ ಐತೆ."